ಅಂಗಳ ಅಳೆದು ಪಟಾಕಿ ಆಯ್ದ ದೀಪಾವಳಿ

2023ರ ಬಲಿಪಾಡ್ಯದ ರಾತ್ರಿ ನಮ್ಮ ಹಿತ್ತಲಿನಲ್ಲಿ ಹತ್ತಿಯ ಅಂಡಿಗೆಯೊಂದಕ್ಕೆ, ಅಂದರೆ ಹತ್ತಿ ತುಂಬಿದ ದೊಡ್ಡ ಚೀಲಕ್ಕೆ, ಬೆಂಕಿ ತಗುಲಿತು. ನಮ್ಮ ಮನೆ ಇರುವುದು ರಾಯಚೂರಿನ ಲಿಂಗಸುಗೂರು ರಸ್ತೆಯ ಕಡೆಗೆ, ಊರು ಮುಗಿದು ಹೊಲಗಳು ಶುರುವಾಗುವ ಜಾಗದಲ್ಲಿ. ದೀಪಾವಳಿಯ ಹೊತ್ತಿಗೆ ಮೈದುನನ ಹೊಲದಲ್ಲಿ ಮೊದಲ ಸಲ ಬಿಡಿಸಿದ ಹತ್ತಿ ಮನೆಗೆ ಬಂದಿರುತ್ತದೆ. ಗಂಜ್ ಮಾರುಕಟ್ಟೆಯಲ್ಲಿ ದರ ಏರುವವರೆಗೆ ಅದನ್ನು ಅಂಡಿಗೆಗಳಲ್ಲಿ ತುಳಿದು ತುಂಬಿ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಇಟ್ಟಿರುತ್ತೇವೆ. ಆ ರಾತ್ರಿ ಹುಡುಗರು ಗಾಜಿನ ಬಾಟಲಿಯಲ್ಲಿ ನಿಲ್ಲಿಸಿದ ರಾಕೆಟ್, ಬತ್ತಿ ಹೊತ್ತಿಕೊಂಡ ಮೇಲೆ ಬಾಟಲಿಯೊಡನೆ ಉರುಳಿ, ನೆಲದ ಮಟ್ಟದಲ್ಲಿಯೇ ಮನೆಯ ಪಕ್ಕದ ಸಂದಿಯಲ್ಲಿ ಹಾದು ಶೆಡ್ಡಿನೊಳಗೆ ನುಗ್ಗಿತು. ಗಂಡಸರು ಆ ಅಂಡಿಗೆಯನ್ನು ಹೊರಗೆಳೆದು ನಾಲ್ಕು ಕೊಡ ನೀರು ಸುರಿದರು. ಬೆಂಕಿ ಆರಿತೆಂದು ನಂಬಿ ನಾವೆಲ್ಲ ಊಟಕ್ಕೆ ಕುಳಿತೆವು.

ಹತ್ತಿಯ ಬೆಂಕಿ ಹಾಗೆ ಆರುವುದಿಲ್ಲ. ಬೆಳಗಿನ ಜಾವ ಐದು ಗಂಟೆಗೆ ದನದ ಸೆಗಣಿ ಬಳಿಯಲು ಹೋದ ಅತ್ತೆ ನನ್ನನ್ನು ಕೂಗಿದರು. ಅಂಡಿಗೆಯ ಬಾಯಿಯಿಂದ ನೂಲಿನಂತೆ ತೆಳ್ಳಗೆ ಹೊಗೆ ಏಳುತ್ತಿತ್ತು. ಮೇಲೆ ಕೈಯಿಟ್ಟರೆ ಹತ್ತಿ ಒದ್ದೆಯಾಗಿ ತಣ್ಣಗಿತ್ತು. ಒಂದು ಗೇಣು ಒಳಗೆ ಕೈ ಹಾಕಿದರೆ ಸುಡುತ್ತಿತ್ತು. ಕುಡುಗೋಲಿನಿಂದ ಅಂಡಿಗೆಯನ್ನು ಸೀಳಿದಾಗ ನಡುವೆ ಒಂದು ಗಡಿಗೆಯಷ್ಟು ಹತ್ತಿ ಕಂದಿ ಕರಕಾಗಿತ್ತು, ಅದರ ಅಂಚಿನಲ್ಲಿ ಕೆಂಪು ಗೆರೆ ಇನ್ನೂ ಹರಿದಾಡುತ್ತಿತ್ತು. ಅದು ಇರುಳೆಲ್ಲ ಶೆಡ್ಡಿನ ಬಾಗಿಲಲ್ಲೇ, ಉಳಿದ ಹದಿನೇಳು ಅಂಡಿಗೆಗಳಿಂದ ಮೂರು ಮೊಳ ದೂರದಲ್ಲಿ ಹೀಗೆಯೇ ಕನಲುತ್ತ ಕುಳಿತಿತ್ತು. ಅದಕ್ಕೆ ಸುಮಾರು ಒಂದು ತಿಂಗಳ ಹಿಂದೆ, ಅಕ್ಟೋಬರ್ 7ರಂದು, ಬೆಂಗಳೂರಿನ ಹತ್ತಿರದ ಅತ್ತಿಬೆಲೆಯಲ್ಲಿ ಪಟಾಕಿ ದಾಸ್ತಾನಿಗೆ ಬೆಂಕಿ ಬಿದ್ದು ಹತ್ತಾರು ಹುಡುಗರು ಸತ್ತ ಸುದ್ದಿಯನ್ನು ಮನೆಯವರೆಲ್ಲ ಕೂಡಿ ನೋಡಿದ್ದೆವು, ಮರುಗಿದ್ದೆವು. ಆದರೂ ನಮ್ಮ ಅಂಗಳಕ್ಕೆ ಯಾವ ಪಟಾಕಿ ಬರಬೇಕೆಂದು ಆ ವರ್ಷ ಯಾರೂ ಯೋಚಿಸಿರಲಿಲ್ಲ. ಹುಡುಗರ ಕೈಗೆ ಹಣ ಕೊಟ್ಟು ಕಳಿಸಿದ್ದೆವು, ಅವರು ಸಿಕ್ಕಿದ್ದನ್ನು ತಂದಿದ್ದರು.

ಹೀಗಾಗಿ 2024ರಲ್ಲಿ ಹಬ್ಬ ಇನ್ನೂ ಹದಿನೈದು ದಿನ ಇರುವಾಗಲೇ, ಈ ಸಲ ಪಟಾಕಿ ಆಯ್ಕೆ ಮಾಡುವ ಕೆಲಸ ನನ್ನದು ಎಂದು ಮನೆಯಲ್ಲಿ ಹೇಳಿದೆ. ನಾನು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಲವಣಗಳ ಜ್ವಾಲೆಯ ಬಣ್ಣವನ್ನು ಪ್ರತಿ ವರ್ಷ ಮಕ್ಕಳಿಗೆ ಪ್ರಯೋಗಾಲಯದಲ್ಲಿ ತೋರಿಸುವವಳು ಮನೆಯ ಅಂಗಳದಲ್ಲಿ ಉರಿಯುವುದರ ಕಡೆಗೆ ಅಷ್ಟೇ ಗಮನ ಕೊಡಬೇಕಿತ್ತು ಎಂದು ನನಗೆ ಅನ್ನಿಸಿತ್ತು. ಮೈದುನ ಕೂಡಲೇ ಒಪ್ಪಿದರು. ಅವರ ಹಿರಿಯ ಮಗ, ಒಂಬತ್ತನೆಯ ತರಗತಿಯ ಹುಡುಗ, ಮಾತ್ರ ಮುಖ ಸಪ್ಪಗೆ ಮಾಡಿಕೊಂಡು, "ದೊಡ್ಡವ್ವ, ರಾಕೆಟ್ ಇಲ್ಲಂದ್ರ ಅದೆಂಥಾ ದೀಪಾವಳಿ?" ಎಂದು ಕೇಳಿದ. ಅವನನ್ನೇ ಜೊತೆಗೆ ಕರೆದುಕೊಂಡು ಮೊದಲು ಅಂಗಳವನ್ನು ಅಳೆಯಲು ಹೊರಟೆ.

ಟೇಪು ಹಿಡಿದು ಅಳೆದಾಗ ಅಂಗಳ 42 ಅಡಿ ಉದ್ದ, 26 ಅಡಿ ಅಗಲ ಇತ್ತು. ಒಂದು ಮೂಲೆಯಲ್ಲಿ ಬೇವಿನ ಮರವಿದೆ, ಅದರ ಕೆಳಗಿನ ಕೊಂಬೆ ನೆಲದಿಂದ ಹನ್ನೆರಡು ಅಡಿಯ ಮೇಲಿದೆ. ಮನೆ ಮೂಡಣಕ್ಕೆ ಮುಖ ಮಾಡಿದೆ, ಶೆಡ್ಡು ಮತ್ತು ನೆಲ್ಲು ಹುಲ್ಲಿನ ಬಣವೆ ಹಿಂದೆ, ಪಡುವಣಕ್ಕಿವೆ. ದೀಪಾವಳಿಯ ಕಾಲಕ್ಕೆ ನಮ್ಮಲ್ಲಿ ಮೂಡಲ ಗಾಳಿ ಬೀಸಲು ಶುರುವಾಗಿರುತ್ತದೆ. ಅಂದರೆ ಅಂಗಳದಿಂದ ಮೇಲೆ ಹಾರಿದ್ದು ಏನೇ ಇದ್ದರೂ, ಮಾಳಿಗೆ ದಾಟಿ, ಗಾಳಿಯ ಜೊತೆಗೆ ನೇರವಾಗಿ ಹತ್ತಿಯ ಶೆಡ್ಡು ಇಲ್ಲವೆ ಬಣವೆಯ ಮೇಲೆ ಇಳಿಯುತ್ತದೆ. ಇದನ್ನು ನಾನು ಹುಡುಗನಿಗೆ ಬಾಯಿಂದ ಹೇಳಲಿಲ್ಲ. ಮಾಳಿಗೆಯ ಮೇಲೆ ನಿಂತು ಒಂದು ಹಿಡಿ ಹೊಟ್ಟನ್ನು ಗಾಳಿಗೆ ತೂರಿಸಿದೆ, ಅದು ಹೋಗಿ ಎಲ್ಲಿ ಬಿದ್ದಿತೆಂಬುದನ್ನು ಅವನೇ ನೋಡಿದ. ರಾಕೆಟ್ಟಿನ ಮಾತು ಅಲ್ಲಿಗೆ ಮುಗಿಯಿತು.

ಬಾಂಬಿನ ಮಾತನ್ನು ಮುಗಿಸಿದ್ದು ಅಂಗಳದ ಅಗಲ. ನಮ್ಮ ದೇಶದ ನಿಯಮದ ಪ್ರಕಾರ ಸಿಡಿಯುವ ಪಟಾಕಿಯ ಸದ್ದು, ಅದು ಸಿಡಿದ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್ ಮೀರಬಾರದು. ನಾಲ್ಕು ಮೀಟರ್ ಎಂದರೆ ಹದಿಮೂರು ಅಡಿ, ಅದು ನಮ್ಮ ಅಂಗಳದ ಅಗಲದ ಸರಿಯರ್ಧ. ನಟ್ಟನಡುವೆ ಬಾಂಬ್ ಇಟ್ಟರೂ ಗೋಡೆಗೆ ಬೆನ್ನು ಹಚ್ಚಿ ನಿಂತವರಿಗೆ ಕಾನೂನು ಒಪ್ಪುವ ಗರಿಷ್ಠ ಸದ್ದು ಕಿವಿಗೆ ಬಡಿಯುತ್ತದೆ, ಒಂದು ಹೆಜ್ಜೆ ಮುಂದೆ ಬಂದ ಮಗುವಿಗೆ ಅದಕ್ಕಿಂತ ಹೆಚ್ಚು. ಬಲಿಪಾಡ್ಯದ ಸಂಜೆ ನಮ್ಮಲ್ಲಿ ಸೇರುವವರು ಇಪ್ಪತ್ತೆರಡು ಮಂದಿ, ಅದರಲ್ಲಿ ಎಂಟು ಮಕ್ಕಳು, ಎಲ್ಲರಿಗಿಂತ ಚಿಕ್ಕದಕ್ಕೆ ಮೂರು ವರ್ಷ. ಮಾವನವರಿಗೆ ದಮ್ಮು. ಕೊಟ್ಟಿಗೆಯಲ್ಲಿ ಎರಡು ಎಮ್ಮೆ, ಒಂದು ಎಳೆಗರು. ಪಾಡ್ಯದ ದಿನ ಸೆಗಣಿಯ ಪಾಂಡವರನ್ನು ಮಾಡಿ, ದನಗಳಿಗೆ ಆರತಿ ಬೆಳಗಿ, ಅದೇ ಸಂಜೆ ಅವು ಹಗ್ಗ ಹರಿದುಕೊಳ್ಳುವಂತೆ ಬಾಂಬ್ ಹಾರಿಸುವುದು ನನಗೆ ಎಂದೂ ಸರಿ ಕಂಡಿರಲಿಲ್ಲ.

ಈ ಲೆಕ್ಕ ಮುಗಿದ ಮೇಲೆ ಅಕ್ಟೋಬರ್ 29ರಂದು ನಾನೂ ಹುಡುಗನೂ ಪೇಟೆಗೆ ಹೋದೆವು. ಖರ್ಚಿಗೆ ಮೂರೂವರೆ ಸಾವಿರ ಎಂದು ಮನೆಯಲ್ಲಿ ಮಾತಾಗಿತ್ತು. ಮೊದಲ ಅಂಗಡಿಯವರು ನೇರವಾಗಿ ಒಂದು ದೊಡ್ಡ ಗಿಫ್ಟ್ ಬಾಕ್ಸ್ ಮುಂದಿಟ್ಟು, ಇದರಲ್ಲಿ ಮೂವತ್ತು ನಮೂನೆ ಇವೆ, ಬೇರೆ ಏನೂ ಬೇಡ ಎಂದರು. ಮೇಲೆ 4,800 ರೂಪಾಯಿ ಎಂದು ಅಚ್ಚಾಗಿತ್ತು, ಅವರು ಹೇಳಿದ ಬೆಲೆ 1,100. ಪಟಾಕಿ ಪೆಟ್ಟಿಗೆಗಳ ಮೇಲೆ ಅಚ್ಚಾದ ಬೆಲೆಗೂ ಮಾರುವ ಬೆಲೆಗೂ ಇಷ್ಟು ಅಂತರ ಇರುವುದರಿಂದ, ರಿಯಾಯಿತಿಯ ಅಂಕಿ ನೋಡಿ ಅಗ್ಗ ತುಟ್ಟಿ ತಿಳಿಯುವಂತಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಮೂವತ್ತರಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಅಂಗಳಕ್ಕೆ ಹೊಂದದವು: ರಾಕೆಟ್, ಸರ ಪಟಾಕಿ, ಬಾಂಬ್, ಹಾವಿನ ಮಾತ್ರೆ. ಮನೆಗೆ ತಂದ ಮೇಲೆ ಅವನ್ನು ಮಕ್ಕಳ ಕೈಗೆ ಸಿಗದಂತೆ ಇಡುವುದು ಆಗದ ಮಾತು. ಹಸಿರು ಪಟಾಕಿಯ ಗುರುತು ಎಲ್ಲಿದೆ ಎಂದು ಕೇಳಿದೆ. "ಎಲ್ಲಾ ಹಸಿರೇ ಅದಾವ್ರಿ ಅಕ್ಕಾರ" ಎಂದು ಅವರು ಪೆಟ್ಟಿಗೆಯ ಬದಿಯ ಮಾಸಿದ ಚೌಕವೊಂದನ್ನು ತೋರಿಸಿದರು. ಮೊಬೈಲಿನಲ್ಲಿ ಮೂರು ಸಲ ಹಿಡಿದರೂ ಆ ಕ್ಯೂಆರ್ ಕೋಡ್ ಓದಿಸಿಕೊಳ್ಳಲಿಲ್ಲ. ನಾವು ಬೇರೆ ಕಡೆ ನೋಡುತ್ತೇವೆಂದು ಹೇಳಿ ಎದ್ದೆವು.

ಹಸಿರು ಪಟಾಕಿ ಎಂಬುದರ ಅರ್ಥವನ್ನು ಹುಡುಗನಿಗೆ ದಾರಿಯಲ್ಲಿ ಬಿಡಿಸಿ ಹೇಳಿದೆ, ಏಕೆಂದರೆ ಅವನು ಅದನ್ನು ಹಸಿರಾಗಿ ಉರಿಯುವ ಪಟಾಕಿ ಎಂದು ತಿಳಿದಿದ್ದ. ವಾಸ್ತವದಲ್ಲಿ ಅದು ಹೆಚ್ಚುಕಡಿಮೆ ತಿರುಗಾಮುರುಗಾ ಆಗಿದೆ. ಪಟಾಕಿಯಲ್ಲಿ ಹಸಿರು ಬಣ್ಣವನ್ನು ಸಾಮಾನ್ಯವಾಗಿ ಕೊಡುತ್ತಿದ್ದುದು ಬೇರಿಯಂ ಲವಣ. ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್ 23ರ ತೀರ್ಪಿನಲ್ಲಿ ಆ ಬೇರಿಯಂ ಲವಣವನ್ನೂ, ಸರ ಪಟಾಕಿಗಳನ್ನೂ, ಆನ್‌ಲೈನ್ ಮಾರಾಟವನ್ನೂ ನಿಷೇಧಿಸಿ, ಹಬ್ಬದ ರಾತ್ರಿ ಎಂಟರಿಂದ ಹತ್ತರವರೆಗೆ ಮಾತ್ರ ಹಾರಿಸಬೇಕೆಂದು ಹೇಳಿತು. ಆಮೇಲೆ ನಾಗಪುರದ ನೀರಿ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು ಕಡಿಮೆ ಹೊಗೆಯ ಮಿಶ್ರಣಗಳನ್ನು ರೂಪಿಸಿದರು, 2019ರಲ್ಲಿ ಅವು ಪೇಟೆಗೆ ಬಂದವು. ಅವುಗಳಲ್ಲಿ ಸ್ವಾಸ್ ಎಂಬುದು ಉರಿಯುವಾಗ ನೀರಿನ ಆವಿ ಬಿಟ್ಟು ದೂಳನ್ನು ಹಿಡಿದಿಡುತ್ತದೆ, ಸಫಲ್ ಎಂಬುದರಲ್ಲಿ ಅಲ್ಯೂಮಿನಿಯಂ ಕಡಿಮೆ. ಹಳೆಯ ಪಟಾಕಿಗಿಂತ ಇವುಗಳಿಂದ ಏಳುವ ಸೂಕ್ಷ್ಮ ಕಣಗಳು ಶೇಕಡ 30ರಷ್ಟು ಕಡಿಮೆ. ಅಂದರೆ ಇನ್ನೂ ಶೇಕಡ 70ರಷ್ಟು ಉಳಿದೇ ಇರುತ್ತವೆ. ಸದ್ದಂತೂ ಇದ್ದೇ ಇರುತ್ತದೆ. ದಮ್ಮು ಇರುವ ಹಿರಿಯರಿರುವ ಮನೆಯಲ್ಲಿ ಹಸಿರು ಗುರುತು ಇದೆಯೆಂದು ಮನಬಂದಷ್ಟು ತರುವಂತಿಲ್ಲ ಎಂಬುದನ್ನು ನಾನು ಅಲ್ಲಿಯೇ ಗಟ್ಟಿ ಮಾಡಿಕೊಂಡೆ. ಹಾವಿನ ಮಾತ್ರೆಯನ್ನು ಬಿಟ್ಟಿದ್ದು ಇದೇ ಕಾರಣಕ್ಕೆ. ಸದ್ದಿಲ್ಲದ್ದು, ಕಿಡಿ ಹಾರದ್ದು ಎಂದು ಅದನ್ನು ಚಿಕ್ಕ ಮಕ್ಕಳ ಕೈಗೆ ಕೊಡುವುದು ನಮ್ಮಲ್ಲಿ ವಾಡಿಕೆ. ಆದರೆ ಪುಣೆಯ ಚೆಸ್ಟ್ ರಿಸರ್ಚ್ ಫೌಂಡೇಷನ್ 2016ರಲ್ಲಿ ಬೇರೆ ಬೇರೆ ಪಟಾಕಿಗಳ ಹೊಗೆಯನ್ನು ಅಳೆದಾಗ ಎಲ್ಲಕ್ಕಿಂತ ಹೆಚ್ಚು ಸೂಕ್ಷ್ಮ ಕಣಗಳು ಬಂದದ್ದು ಆ ಪುಟ್ಟ ಕರಿಯ ಮಾತ್ರೆಯಿಂದಲೇ, ಅದೂ ಬಗ್ಗಿ ನೋಡುವ ಮಗುವಿನ ಮೂಗಿನ ಕೆಳಗೇ.

ಎರಡನೆಯ ಸಲ ನಾವು ಹೋದದ್ದು ಮೈದಾನದಲ್ಲಿ ಹಾಕಿದ್ದ ತಾತ್ಕಾಲಿಕ ಮಳಿಗೆಗಳಿಗೆ. ಇಂಥ ಮಳಿಗೆಗಳು ಬೆಂಕಿ ಹಿಡಿಯದ ಸಾಮಗ್ರಿಯಲ್ಲಿ ಕಟ್ಟಿರಬೇಕು, ಒಂದಕ್ಕೊಂದು ಕನಿಷ್ಠ 3 ಮೀಟರ್ ದೂರವಿರಬೇಕು, ಎದುರುಬದುರು ಬಾಗಿಲು ಇರಬಾರದು, ಒಳಗೆ ಎಣ್ಣೆಯ ದೀಪ ಹಚ್ಚಬಾರದು ಎಂದು 2008ರ ಸ್ಫೋಟಕ ನಿಯಮಗಳು ಹೇಳುತ್ತವೆ. ಅಲ್ಲಿ ತಗಡಿನ ಮಳಿಗೆಗಳು ಒಂದೇ ಸಾಲಿನಲ್ಲಿದ್ದವು, ಮುಂದೆ ಮರಳಿನ ಬಕೆಟ್ಟುಗಳಿದ್ದವು. ಕೊನೆಯ ಮಳಿಗೆಯ ಹಿರಿಯರು ಪೆಟ್ಟಿಗೆ ಬಿಚ್ಚಿ ತೋರಿಸಲು ಬೇಸರ ಮಾಡಲಿಲ್ಲ, ಅಷ್ಟಕ್ಕೇ ನನಗೆ ಅವರಲ್ಲಿ ನಂಬಿಕೆ ಬಂತು. ರಾಯಚೂರಿನ ಪಟಾಕಿ ಅಂಗಡಿಯಲ್ಲಿ ನಿಂತು ಕೇಳುವುದೇ ಒಂದು ಸೊಗಸು: ನಾವು ಹೂಕುಂಡ ಎಂದು ಕೇಳಿದರೆ, ಪಕ್ಕದವರು ತೆಲುಗಿನಲ್ಲಿ ಚಿಚ್ಚುಬುಡ್ಡಿ ಎನ್ನುತ್ತಾರೆ, ಅವರ ಹಿಂದೆ ನಿಂತವರು ಅನಾರ್ ಎನ್ನುತ್ತಾರೆ, ಮೂವರ ಕೈಗೂ ಶಿವಕಾಶಿಯ ಅದೇ ಪೆಟ್ಟಿಗೆ ಬರುತ್ತದೆ. ಇಲ್ಲಿಯ ಕೋಡ್‌ಗಳು ಮೊದಲ ಸಲಕ್ಕೇ ಓದಿಸಿಕೊಂಡವು. ತಯಾರಕರ ಹೆಸರು, ಯಾವ ಮಿಶ್ರಣ ಎಂಬುದು ಪರದೆಯ ಮೇಲೆ ಬಂತು. ಆ ದಿನ ನಾನು ಎಲ್ಲವನ್ನೂ ಕೊಳ್ಳಲಿಲ್ಲ. ದೊಡ್ಡ ಹೂಕುಂಡ, ನಡುವಣದ ಹೂಕುಂಡ, ನೆಲಚಕ್ರ, ಪೆನ್ಸಿಲ್, ಎರಡು ಅಳತೆಯ ಸುರುಸುರು ಬತ್ತಿ, ಒಂದೊಂದೇ ಪೆಟ್ಟಿಗೆ ತೆಗೆದುಕೊಂಡು, ಹಚ್ಚಿ ನೋಡಿ ಮತ್ತೆ ಬರುತ್ತೇವೆಂದು ಹೇಳಿ ಬಂದೆ.

ಹಚ್ಚಿ ನೋಡಿದ್ದು ಅಕ್ಟೋಬರ್ 31, ನರಕ ಚತುರ್ದಶಿಯ ರಾತ್ರಿ ಎಂಟು ಗಂಟೆಯ ಮೇಲೆ, ಮನೆಯವರಷ್ಟೇ ಇದ್ದಾಗ. ಆ ಒಂದು ಗಂಟೆಯಲ್ಲಿ ತಿಳಿದದ್ದು ಯಾವ ಪೆಟ್ಟಿಗೆಯ ಮೇಲೂ ಬರೆದಿರಲಿಲ್ಲ. ದೊಡ್ಡ ಹೂಕುಂಡದ ಕಿಡಿಗಳು ಬೇವಿನ ಕೊಂಬೆಯನ್ನು ಮುಟ್ಟಿದವು, ಎಲೆಗಳು ಚಿಟಪಟ ಸುಟ್ಟವು. ಆರಿದ ಮೇಲೂ ಅದರ ಸುತ್ತ ಬಿದ್ದ ಕಿಟ್ಟದ ಹರಳುಗಳು ಎಷ್ಟೋ ಹೊತ್ತು ಕೆಂಪಗೆ ಇದ್ದವು. ನಡುವಣದ್ದು ಕಾಂಪೌಂಡ್ ಗೋಡೆಯ ಎರಡರಷ್ಟು ಏರಿ ಕೊಡೆಯಂತೆ ಅರಳಿ ಶಾಂತವಾಗಿ ಇಳಿಯಿತು, ನನಗಂತೂ ಅದೇ ಹೆಚ್ಚು ಚೆಂದ ಕಂಡಿತು. ಆದರೆ ಅದೇ ಪೆಟ್ಟಿಗೆಯ ಎರಡನೆಯ ಹೂಕುಂಡ ಕಿಡಿ ಚಿಮ್ಮುವ ಮೊದಲೇ ಧಡ್ ಎಂದು ಸಿಡಿದು ಮಗುಚಿತು. ತಣ್ಣಗಾದ ಮೇಲೆ ಬಿಚ್ಚಿ ನೋಡಿದೆ. ಹೂಕುಂಡ ಎಂದರೆ ಮದ್ದು ತುಂಬಿದ ಗಟ್ಟಿ ಕಾಗದದ ಶಂಕು, ಮೇಲೆ ಸಣ್ಣ ಬಾಯಿ, ತಳದಲ್ಲಿ ಮಣ್ಣಿನ ಬಿರಡೆ. ಒಳಗೆ ಹುಟ್ಟುವ ಅನಿಲವೆಲ್ಲ ಆ ಬಾಯಿಯಿಂದಲೇ ಹೊರಡಬೇಕು. ತಳದ ಮಣ್ಣು ಸಡಿಲವಾಗಿದ್ದರೆ ಒತ್ತಡ ಕೆಳಗಿನಿಂದ ಒಡೆದುಕೊಂಡು ಹೋಗುತ್ತದೆ, ಬಾಯಿ ಕಟ್ಟಿಕೊಂಡಿದ್ದರೆ ಹೂಕುಂಡವೇ ಬಾಂಬ್ ಆಗುತ್ತದೆ. ಒಡೆದದ್ದರ ತಳದಲ್ಲಿ ಮಣ್ಣು ಪುಡಿಪುಡಿಯಾಗಿತ್ತು. ಉಳಿದ ಎಂಟನ್ನು ಒಂದೊಂದಾಗಿ ತಿರುಗಿಸಿ ಹೆಬ್ಬೆರಳಿನಿಂದ ತಳವನ್ನು ಮೆಲ್ಲಗೆ ಒತ್ತಿದಾಗ ಇನ್ನೆರಡು ಅಲುಗಾಡಿದವು. ಅವನ್ನು ಬೇರೆ ತೆಗೆದಿಟ್ಟೆ.

ನೆಲಚಕ್ರ ನಮ್ಮ ಅಂಗಳದ ಗರಸಿನ ಮೇಲೆ ತಿರುಗಲೇ ಇಲ್ಲ. ಒಂದು ಹರಳಿಗೆ ತಡೆದು ವಾಲಿ ನಿಂತು, ಕಿಡಿಯನ್ನೆಲ್ಲ ಒಂದೇ ಕಡೆ, ನಾನು ನಿಂತ ಕಡೆಗೇ ಉಗುಳಿತು. ಅದಕ್ಕೆ ನುಣುಪಾದ ನೆಲ ಬೇಕು. ಮನೆಯ ಕಟ್ಟೆಗೆ ಹಾಕಿದ ಶಹಾಬಾದಿ ಪರಸಿ ಕಲ್ಲು ನುಣುಪಾಗಿದೆ, ಆದರೆ ಅದು ಬಾಗಿಲಿಗೆ ಆರೇ ಅಡಿ. ಮೈದುನ, "ವೈನಿ, ಹಿತ್ತಲದಾಗ ನಾಕು ಪರಸಿ ಉಳದಾವ್ರಿ" ಎಂದು ನೆನಪಿಸಿ, ಅವನ್ನು ಹೊತ್ತು ತಂದು ಅಂಗಳದ ನಡುವೆ ಜೋಡಿಸಿದರು. ಅದರ ಮೇಲೆ ಇಟ್ಟ ಚಕ್ರ ಒಂದೇ ಜಾಗದಲ್ಲಿ ಬೆಳ್ಳಿಯ ತಟ್ಟೆಯಂತೆ ತಿರುಗಿತು. ಪೆನ್ಸಿಲ್ ಮಾತ್ರ ಯಾರಿಗೂ ಬೇಡವೆನ್ನಿಸಿತು, ಕೈಯಲ್ಲಿ ಹಿಡಿಯಬೇಕಾದ ಅದರಿಂದ ಉರಿಯುವ ಹನಿಗಳು ಪಾದದ ಮೇಲೆ ಬೀಳುತ್ತಿದ್ದವು.

ಸುರುಸುರು ಬತ್ತಿಯ ವಿಷಯದಲ್ಲಿ ನಾನು ಹೆಚ್ಚು ಹೊತ್ತು ಕುಳಿತೆ, ಮಕ್ಕಳ ಕೈಗೆ ಹೋಗುವುದು ಅದೊಂದೇ ಆದ್ದರಿಂದ. ಉರಿಯುವ ತುದಿಯ ಬಿಸಿ ಸಾವಿರ ಡಿಗ್ರಿ ಸೆಲ್ಸಿಯಸ್ ಮೀರಬಲ್ಲದು. ಸದ್ದಿಲ್ಲ ಎಂಬ ಒಂದೇ ಗುಣದಿಂದ ಅದು ಸಾಧು ಎನ್ನಿಸಿಕೊಂಡಿದೆ. ಚಿಕ್ಕವರಿಗೆ ಚಿಕ್ಕ ಕಡ್ಡಿ ಎಂದು ನಾವೆಲ್ಲ 15 ಸೆಂಟಿಮೀಟರಿನದನ್ನು ಕೊಡುತ್ತ ಬಂದಿದ್ದೇವೆ. ಅಳತೆಪಟ್ಟಿ ಇಟ್ಟು ನೋಡಿದಾಗ ಅದರಲ್ಲಿ ಮದ್ದಿಲ್ಲದ ಬರೀ ತಂತಿ ಇದ್ದದ್ದು ನಾಲ್ಕೇ ಸೆಂಟಿಮೀಟರ್, 30 ಸೆಂಟಿಮೀಟರಿನದರಲ್ಲಿ ಎಂಟು. ಆದ್ದರಿಂದ ಚಿಕ್ಕವರಿಗೇ ಉದ್ದನೆಯ ಕಡ್ಡಿ ಎಂದು ತೀರ್ಮಾನಿಸಿದೆ. ನೆಗೆಣ್ಣಿ ಅದಕ್ಕೆ ಇನ್ನೊಂದು ಉಪಾಯ ಸೇರಿಸಿದಳು: ಗಜ್ಜರಿಯ (ಕ್ಯಾರೆಟ್ಟಿನ) ದಪ್ಪ ತುಂಡಿಗೆ ತಂತಿ ಚುಚ್ಚಿದರೆ ಮಗು ಹಿಡಿಯುವುದು ಗಜ್ಜರಿಯನ್ನು, ತಂತಿಯನ್ನಲ್ಲ.

ನವೆಂಬರ್ 1, ರಾಜ್ಯೋತ್ಸವದ ದಿನ ಧ್ವಜಾರೋಹಣ ಮುಗಿಸಿಕೊಂಡು ಮತ್ತೆ ಮಳಿಗೆಗೆ ಹೋದೆವು. ಒಡೆದ ಹೂಕುಂಡವನ್ನೂ ಸಡಿಲವಿದ್ದ ಎರಡನ್ನೂ ತೋರಿಸಿದಾಗ ಆ ಹಿರಿಯರು ಮಾತಾಡದೆ ಬೇರೆ ಪೆಟ್ಟಿಗೆ ಕೊಟ್ಟು, ಕೊಳ್ಳುವ ಪ್ರತಿಯೊಂದರ ತಳವನ್ನೂ ನಾನು ಒತ್ತಿ ನೋಡುವಾಗ ತಾವೂ ನೋಡಿದರು. ಬತ್ತಿ ಸಡಿಲವಾದದ್ದು, ಕಾಗದದ ಮೇಲೆ ತೇವದ ಕಲೆ ಇದ್ದದ್ದು, ಸುರುಸುರು ಬತ್ತಿಯ ಮದ್ದು ಉದುರಿದ್ದು, ಇವನ್ನು ಬಿಟ್ಟೆವು. ಕೊನೆಗೆ ಚೀಲಕ್ಕೆ ಬಂದದ್ದು ನಡುವಣದ ಹೂಕುಂಡ ನಾಲ್ಕು ಪೆಟ್ಟಿಗೆ, ನೆಲಚಕ್ರ ಮೂರು, ಉದ್ದನೆಯ ಸುರುಸುರು ಬತ್ತಿ ಹತ್ತು, ಮತ್ತು ಹುಡುಗನ ಮನಸ್ಸಿಗಾಗಿ, ಒಂದರ ಹಿಂದೊಂದು ಮೇಲೆ ಹಾರಿ ಅರಳುವ ಹನ್ನೆರಡು ಶಾಟ್‌ನ ಒಂದು ಪೆಟ್ಟಿಗೆ. ಅದನ್ನು ಮನೆಯಲ್ಲಿ ಹಚ್ಚುವುದಿಲ್ಲ, ಎರಡು ಓಣಿ ಆಚೆ ಇನ್ನೂ ಮನೆ ಏಳದ ಲೇಔಟಿನ ಬಯಲಿನಲ್ಲಿ ಅವನ ಅಪ್ಪ ಹಚ್ಚಬೇಕು, ಅವನು ನೋಡಬೇಕು ಎಂಬುದು ನಮ್ಮ ಒಪ್ಪಂದ. ಎಲ್ಲ ಸೇರಿ 2,640 ರೂಪಾಯಿ ಆಯಿತು. ಚೀಲವನ್ನು ಅಡುಗೆಮನೆ, ದೇವರಮನೆ ಎರಡರಿಂದಲೂ ದೂರ, ಮಾಳಿಗೆಯ ಮೆಟ್ಟಿಲ ಕೆಳಗಿನ ಒಣ ಗೂಡಿನಲ್ಲಿ ಇಟ್ಟು ಕೀಲಿ ಹಾಕಿದೆ.

ಪಾಡ್ಯದ ಸಂಜೆ ಹತ್ತಿಯ ಶೆಡ್ಡಿನ ಬಾಯಿಗೆ ತಾಡಪತ್ರಿ ಕಟ್ಟಿ ಅದರ ಮೇಲೆ ನೀರು ಚಿಮುಕಿಸಿದರು. ಅಂಗಳದಲ್ಲಿ ಎರಡು ಬಕೆಟ್ ನೀರು, ಒಂದು ಬಕೆಟ್ ಮರಳು, ತೋಯಿಸಿದ ಎರಡು ಗೋಣಿಚೀಲ. ನೈಲಾನಿನ ಪರಕಾರ ತೊಟ್ಟಿದ್ದ ಎರಡು ಹುಡುಗಿಯರಿಗೆ ಅತ್ತೆ ಮುದ್ದು ಮಾಡಿ ಹತ್ತಿಯ ಅಂಗಿ ತೊಡಿಸಿದರು. ಮಾವನವರು ಗಾಳಿಗೆ ಎದುರಾಗಿ ಮೂಡಣ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕುಳಿತರು, ಹೊಗೆಯೆಲ್ಲ ಅವರಿಂದ ಆಚೆಗೆ ಸರಿಯುತ್ತಿತ್ತು. ಉದ್ದನೆಯ ಊದಿನಕಡ್ಡಿಯಿಂದ ಹೂಕುಂಡ ಹಚ್ಚುವವರು ಇಬ್ಬರೇ, ಮೈದುನ ಮತ್ತು ನನ್ನ ಗಂಡ. ಆರನೆಯ ಹೂಕುಂಡ ಹತ್ತಲಿಲ್ಲ. ಬಗ್ಗಿ ನೋಡಲು ಹೊರಟ ಒಬ್ಬ ಮಗುವನ್ನು ಹಿರಿಯ ಹುಡುಗನೇ ರಟ್ಟೆ ಹಿಡಿದು ನಿಲ್ಲಿಸಿದ. ಇಪ್ಪತ್ತು ನಿಮಿಷ ಅದರ ಹತ್ತಿರ ಯಾರೂ ಸುಳಿಯಲಿಲ್ಲ, ಆಮೇಲೆ ದೂರದಿಂದ ನೀರು ಸುರಿದು ಬಕೆಟ್ಟಿನಲ್ಲಿ ಮುಳುಗಿಸಿದೆವು. ಉರಿದು ಮುಗಿದ ಪ್ರತಿಯೊಂದು ತಂತಿಯೂ ಮರಳಿನ ಬಕೆಟ್ಟಿಗೆ ಹೋಯಿತು. ಮೂರು ವರ್ಷದ ಮಗು ಗಜ್ಜರಿ ಹಿಡಿದು ನಿಂತು, ಕಡ್ಡಿ ಆರಿದ ಕೂಡಲೇ ಅದನ್ನು ತಿನ್ನಲು ಕೇಳಿತು, ಬೇರೆ ಗಜ್ಜರಿ ತೊಳೆದು ಕೊಟ್ಟೆವು. ಒಂಬತ್ತು ಗಂಟೆಗೆ ಬಯಲಿನಲ್ಲಿ, ಸುತ್ತಲೂ ಇಟ್ಟಿಗೆ ಒತ್ತಿ ಅಲುಗದಂತೆ ನಿಲ್ಲಿಸಿದ ಹನ್ನೆರಡು ಶಾಟ್‌ನ ಪೆಟ್ಟಿಗೆ ಕೆಂಪಾಗಿ, ಹೊಂಬಣ್ಣವಾಗಿ ಏರಿ ಮುಗಿದು, ಒಂಬತ್ತೂವರೆಗೆ ಎಲ್ಲರೂ ಹೋಳಿಗೆಯ ಪಂಕ್ತಿಗೆ ಬಂದರು.

ಮರುದಿನ ಬೆಳಗಿನ ಜಾವ ಅತ್ತೆಯ ಜೊತೆಗೆ ನಾನೂ ಎದ್ದು ತಾಡಪತ್ರಿ ಸರಿಸಿ ಅಂಡಿಗೆಗಳ ಬಾಯೊಳಗೆ ಒಂದೊಂದಾಗಿ ಕೈ ಹಾಕಿ ನೋಡಿದೆ. ಎಲ್ಲವೂ ತಣ್ಣಗಿದ್ದವು. ಉಳಿದ ಎರಡು ಪೆಟ್ಟಿಗೆ ಸುರುಸುರು ಬತ್ತಿಯನ್ನು ನೆಗೆಣ್ಣಿ ತುಳಸಿ ಲಗ್ನಕ್ಕೆಂದು ಅದೇ ಗೂಡಿನಲ್ಲಿಟ್ಟು ಕೀಲಿ ಹಾಕಿದಳು.